ಒಂದು ಕಡಿಮೆ ಐತಿ

ಯರಮರಸದ ಗೇಟು ಬಿದ್ದರೆ ಅವ್ವನಿಗೆ ಸುಗ್ಗಿ.
ನಿಂತ ಬಸ್ಸಿನ ಕಿಟಕಿ ಕಿಟಕಿಗೂ
ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ.
ಚಿಲ್ಲರೆ ಇಸಿದುಕೊಳ್ಳಬೇಕಾದ ನಾನು
ಕಿಲೋಮೀಟರಿನ ಕಲ್ಲಿನ ಮೇಲೆ ಕೂತು
ಕಲ್ಲಿದ್ದಲ ಗಾಡಿಯ ಡಬ್ಬಿ ಎಣಿಸುತ್ತಿದ್ದೆ.

"ಏ ಉರುಕುಂದಿ, ಡಬ್ಬಿ ಎಣಿಸಿದ್ರ ಹೊಟ್ಟಿ ತುಂಬತೈತೇನು?"
ತುಂಬುತ್ತಿರಲಿಲ್ಲ.
ಆದರೂ ಎಣಿಸುತ್ತಿದ್ದೆ.

ಮೊದಮೊದಲು ಡಬ್ಬಿಯ ಹಿಂದೆಯೇ ಕಣ್ಣು ಓಡಿಸಿ
ಇಪ್ಪತ್ತಕ್ಕೆಲ್ಲ ತಲೆ ತಿರುಗುತ್ತಿತ್ತು.
ಆಮೇಲೆ ತಿಳಿಯಿತು, ಗಾಡಿಯನ್ನು ನೋಡಬಾರದು.
ಹಳಿಯಾಚೆಯ ಸೀಟಿ ಹಲಗೆಯ ಕಂಬ ನೋಡಬೇಕು.
ಎರಡು ಡಬ್ಬಿಯ ಸಂದಿಯಲ್ಲಿ ಅದು ಕಂಡು ಮರೆಯಾದರೆ ಒಂದು.
ಹತ್ತಕ್ಕೊಂದು ಬೆರಳು ಮಡಚಬೇಕು,
ತುಟಿ ಅಲುಗಬಾರದು.

ತಮ್ಮ ನಾಗೇಶಿ ಕಿವಿಗೇ ಬಾಯಿಟ್ಟು
"ಹದಿನೇಳು! ನಲವತ್ತಾರು! ಮೂರು!" ಎಂದು ಒದರುತ್ತಿದ್ದ,
ಜಡೆ ಎಳೆಯುತ್ತಿದ್ದ.
ತುಂಬಿದ ಕೊಡ ಹೊತ್ತವಳ ಹಾಗೆ
ಕತ್ತು ಹೊರಳಿಸದೆ
ಐವತ್ತರ ತನಕ ದಾಟಿಸಿ ಬಿಡುತ್ತಿದ್ದೆ.

ಗೇಟಿನ ಬಂದಗೀಸಾಬ ಒಬ್ಬನೇ ನಗಲಿಲ್ಲ.
ಹಸಿರು ಬಾವುಟ ಹಿಡಿದುಕೊಂಡೇ ಅವನೂ ಎಣಿಸುತ್ತಿದ್ದ.
ಗಾರ್ಡಿನ ಡಬ್ಬಿ ದಾಟಿದ ಮೇಲೆ
ಇಬ್ಬರೂ ಒಟ್ಟಿಗೆ ಹೇಳಬೇಕು, ಅದು ನಮ್ಮ ಕರಾರು.

ಒಂದು ದಿನ ನಾನು ಐವತ್ತೆಂಟು ಅಂದೆ.
ಅವನು ಐವತ್ತೊಂಬತ್ತು ಅಂದ.
ಜಗಳಾಡಿದೆವು. ಗಾಡಿ ಆಗಲೇ ಶಕ್ತಿನಗರದ ಹಾದಿ ಹಿಡಿದಿತ್ತು.
"ಹ್ವಾದ ಗಾಡಿ ಸಾಕ್ಷಿ ಹೇಳಂಗಿಲ್ಲವ್ವ.
ನಡುವ ನಿಮ್ಮವ್ವ ಕರದಾಗ ರೆಪ್ಪಿ ಬಡದಿಯೇನು, ನೆಪ್ಪು ಮಾಡ್ಕೊ."
ನೆಪ್ಪಾಗಲಿಲ್ಲ.
ಬಡಿದಿಲ್ಲ ಎಂದೂ ಹೇಳಲಾಗಲಿಲ್ಲ.

*

ರಾತ್ರಿ ಎರಡೂಕಾಲು. ರಾಯಚೂರಿನ ದೊಡ್ಡಾಸ್ಪತ್ರೆ.
ಹಸಿರು ಬಟ್ಟೆಯೊಳಗೆ ದೇವದುರ್ಗದ ಕಡೆಯ ಹೆಣ್ಣುಮಗಳು.
ಕೂಸು ಅತ್ತಾಗಿದೆ.
ಡಾಕ್ಟರು ಹೊಲಿಯಲು ಕೈ ಚಾಚಿದ್ದಾರೆ,
ಮತ್ತೊಂದು ಕೇಸು ಬಾಗಿಲಿಗೇ ಬಂದಿದೆ.
ಮತ್ತು ಕೊಟ್ಟವರು ಮಾನ್ವಿಯ ಪ್ಲಾಟಿನ ರೇಟು ಹೇಳುತ್ತಿದ್ದಾರೆ,
ಯಾರದೋ ಫೋನು, ಟ್ರೇ ಬಿದ್ದ ಸದ್ದು,
"ಸಿಸ್ಟರ್, ಕೂಸಿನ ತೂಕ ಎಷ್ಟು ಬರೀಲಿ?"
ಎಲ್ಲವೂ ನಾಗೇಶಿಯ ದನಿಯೇ.
ನಾನು ಕಂಬ ನೋಡುತ್ತೇನೆ.

ಕೊಟ್ಟ ಮಾಪು ಹದಿನೈದು.
ಬಂದದ್ದು ಹದಿನಾಲ್ಕು.

"ಸರ್, ಒಂದು ಕಡಿಮೆ ಐತಿ."
"ಸರಿಯಾಗಿ ಎಣಿಸ್ರಿ."
ಒದ್ದೆ ಬಟ್ಟೆ ಒಂದೊಂದಾಗಿ ಬಿಡಿಸಿ ಹಾಸಿದೆ.
ಬಕೆಟ್ಟು, ಟೇಬಲ್ಲಿನ ಅಡಿ, ಅವರ ಚಪ್ಪಲಿಯ ಅಡಿ.
"ಹದಿನಾಲ್ಕs, ಸರ್."
"ಪ್ಯಾಕಿನಾಗ ಮದಲs ಕಡಿಮೆ ಇದ್ದಿರಬೇಕು."

ಇದ್ದಿರಬಹುದು.
ಬಂದಗೀಸಾಬನ ಮುಂದೆ ನಿಂತ ಹುಡುಗಿಯ ಗಂಟಲು
ಮತ್ತೆ ಒಣಗಿತು.
ರೆಪ್ಪೆ ಬಡಿದೆನೇ?
ಇಲ್ಲ. ಈ ಸಲ ಗಾಡಿ ಇನ್ನೂ ಹಳಿಯ ಮೇಲೇ ಇದೆ.

"ಸೂಜಿ ಕೊಡಂಗಿಲ್ಲ, ಸರ್. ಒಳಗ ನೋಡ್ರಿ."

ಮಾತೆಲ್ಲ ನಿಂತವು. ಮಾನ್ವಿಯ ಪ್ಲಾಟೂ ನಿಂತಿತು.
ಎಡ ಮಗ್ಗುಲಲ್ಲಿ, ಕರುಳಿನ ಮಡಿಕೆಯ ಹಿಂದೆ,
ಮೈಯ ಬಣ್ಣವನ್ನೇ ಉಟ್ಟುಕೊಂಡು
ಸುಮ್ಮನೆ ಕೂತಿತ್ತು ಅದು.

ಡಾಕ್ಟರು ಏನೂ ಅನ್ನಲಿಲ್ಲ. ಕೈ ಚಾಚಿದರು.
ಸೂಜಿ ಕೊಟ್ಟೆ.

*

ಏನೂ ಆಗಲಿಲ್ಲ ಎನ್ನುವುದನ್ನು
ಯಾವ ರಿಜಿಸ್ಟರಿನಲ್ಲೂ ಬರೆಯುವುದಿಲ್ಲ.
ಆ ಹೆಣ್ಣುಮಗಳು ಐದನೇ ದಿನ ಆಟೋ ಹತ್ತಿದಳು,
ನಾನು ಯಾರೆಂದು ಅವಳಿಗೆ ಗೊತ್ತಿಲ್ಲ.

ಹೊಸ ಹುಡುಗಿಯರು ಕೇಳುತ್ತಾರೆ,
ಅಷ್ಟು ಗದ್ದಲದಾಗ ಹೆಂಗ ಎಣಿಸ್ತೀರಿ ಅಕ್ಕ?
ಕೋರ್ಸಿನಾಗ ಕಲಿಸ್ತಾರ ಅನ್ನುತ್ತೇನೆ.
ಮಂಡಾಳ, ಮಿರ್ಚಿ, ಕಿವಿಗೆ ಬಾಯಿಟ್ಟ ತಮ್ಮ,
ಇದನ್ನೆಲ್ಲ ಯಾವ ಪಿರಿಯಡ್ಡಿನಲ್ಲಿ ಹೇಳಲಿ?

ಬಂದಗೀಸಾಬ ಈಗ ಇಲ್ಲ.
ಒಮ್ಮೊಮ್ಮೆ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತಾಗ
ಅದೊಂದು ಡಬ್ಬಿ ಕಣ್ಣ ಮುಂದೆ ಹಾಯುತ್ತದೆ,
ಅಂದು ಇತ್ತೋ ಇರಲಿಲ್ಲವೋ
ಇಂದಿಗೂ ಗೊತ್ತಾಗದ ಐವತ್ತೊಂಬತ್ತನೆಯದು.
ಕಂಡಕ್ಟರು ಚಿಲ್ಲರೆ ಕೊಟ್ಟರೆ
ಎರಡು ಸಲ ಎಣಿಸುತ್ತೇನೆ.